ಎರಡು ಟ್ಯಾಂಕಿನ ಗಾಡಿ

ಅಪ್ಪನ ಹಳೆ ಉವಾಜ್‌ಗೆ ಹೊಟ್ಟೆ ಎರಡು.
ಎಡಸೀಟಿನ ಕೆಳಗಿನದು ಅಣ್ಣ ಜೋಕಿಯಾನದು,
ಬಲಸೀಟಿನ ಕೆಳಗಿನದು ತಮ್ಮ ಬಿಮುರ್ಜಾನದು.
ಅಪ್ಪ ಸತ್ತ ವರ್ಷ ಹುಲ್ಲುಗಾವಲು ಪಾಲಾಯಿತು,
ಕಲ್ಲಿನ ಗೋಪುರ ಪಾಲಾಯಿತು,
ಗಿಣ್ಣು ಕಾಯಿಸುವ ತಾಮ್ರದ ಹಂಡೆ ನನಗೆ ಬಂತು.
ಗಾಡಿಯನ್ನು ಕೊಯ್ಯುವ ಗರಗಸ ಸಿಗಲಿಲ್ಲ,
ಟ್ಯಾಂಕು ಹಂಚಿಕೊಂಡು ಮಾತು ಬಿಟ್ಟರು.

ಸೀಟುಗಳ ನಡುವೆ ಒಂದು ಹಿತ್ತಾಳೆ ತಿರುಗಣಿ.
ಎಡಕ್ಕೆ ತಿರುವಿದರೆ ಜೋಕಿಯಾನ ಪೆಟ್ರೋಲು,
ಬಲಕ್ಕೆ ತಿರುವಿದರೆ ಬಿಮುರ್ಜಾನದು,
ನಡುವೆ ನಿಲ್ಲಿಸಿದರೆ
ಯಾರದೂ ಇಲ್ಲ, ಗಾಡಿಯೂ ಇಲ್ಲ.
ನಾನು ಇಯಾಮ್ಜೆ, ಇಬ್ಬರ ನಡುವೆ ಹುಟ್ಟಿದವಳು.
ಹನ್ನೊಂದು ವರ್ಷ
'ಅವನಿಗೆ ಹೇಳು' 'ಇವನಿಗೆ ಹೇಳು' ಎಂದು ಇಬ್ಬರೂ ತಿರುವಿದ್ದು ನನ್ನನ್ನೇ.

ಆಗಸ್ಟಿನಲ್ಲಿ, ಎರಡನೇ ಹುಲ್ಲು ಕೊಯ್ದು ಬಿದ್ದಿರುವಾಗ,
ಚರ್ಚಿನ ಮೇಲಿನ ಏರಿನಲ್ಲಿ ಗಾಡಿ ಕೆಮ್ಮಿತು,
ಮೂರು ಸಲ ಮುಗ್ಗರಿಸಿ ಸತ್ತಿತು.
ಹಿಂದಕ್ಕೆ ಉರುಳಿಸಿಕೊಂಡು ಅಂಗಳಕ್ಕೆ ತಂದೆವು.
'ಅವನ ಟ್ಯಾಂಕಿನ ತುಕ್ಕು, ಹೇಳು ಇಯಾಮ್ಜೆ.'
'ಅವನು ತಂದ ನೀರು ಬೆರೆಸಿದ ಪೆಟ್ರೋಲು, ಹೇಳು ಇಯಾಮ್ಜೆ.'
ನಾನು ಹೇಳಲಿಲ್ಲ. ಬಾನೆಟ್ ಎತ್ತಿದೆ.
ಸಾಮೂಹಿಕ ಫಾರ್ಮಿನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ
ಆರು ವರ್ಷ ಲೆಕ್ಕ ಬರೆದವಳು ನಾನು.
ಲೆಕ್ಕ ಮರೆತಿದೆ, ಬೋಲ್ಟುಗಳು ನೆನಪಿವೆ.

ಆಯಿಲ್ ಕಡ್ಡಿ ಎಳೆದು ಮೂಸಿದರೆ ಪೆಟ್ರೋಲಿನ ವಾಸನೆ.
ಪಂಪಿನ ಪೊರೆ ಸೀಳಿದೆ.
ಅಪ್ಪನ ತಂಬಾಕಿನ ಡಬ್ಬಿಯಲ್ಲಿ, ಗುಂಡಿ ಮತ್ತು ಮುರಿದ ಶಿಲುಬೆಯ ಕೆಳಗೆ
ಎಣ್ಣೆಕಾಗದ ಸುತ್ತಿದ ಹೊಸ ಪೊರೆ ಒಂದಿತ್ತು.
ಯಾರಿಗಾಗಿ ಎತ್ತಿಟ್ಟಿದ್ದನೋ, ಮುದುಕ, ಚೀಟಿ ಬರೆದಿರಲಿಲ್ಲ.
ಫಿಲ್ಟರಿನ ಗಾಜಿನ ಬಟ್ಟಲು ಬಿಚ್ಚಿ
ಬೆಳಕಿಗೆ ಹಿಡಿದೆ.
ತಳದಲ್ಲಿ ಬೆರಳು ದಪ್ಪ ಕೆಂಪು ಕೆಸರು.
ಇಬ್ಬರೂ ಬಗ್ಗಿ ನೋಡಿದರು.
ಕೆಸರಿಗೆ ಹೆಸರಿರಲಿಲ್ಲ.

ಕಾರ್ಬುರೇಟರು ಅಡುಗೆಮನೆಗೆ ಬಂತು,
ಮಾಂಸದ ರೊಟ್ಟಿ ಸುಡುವ ತಟ್ಟೆಯಲ್ಲಿ ಬಿಚ್ಚಿ ಹರಡಿದೆ.
ಜೆಟ್ಟಿನ ತೂತು ಗಸಗಸೆಗಿಂತ ಸಣ್ಣದು.
ಉಕ್ಕಿನ ತಂತಿ ತೂರಿಸಿದರೆ ತೂತು ಅಗಲವಾಗಿ
ಜನ್ಮವಿಡೀ ಹೆಚ್ಚು ಕುಡಿಯುತ್ತದೆ ಗಾಡಿ,
ನಮ್ಮ ಊರಿನಲ್ಲಿ ಆ ಚಾಳಿಗೆ ಗಂಡಸರೇ ಸಾಕು.
ಹೆಣ್ಣುಕುದುರೆಯ ಬಾಲದಿಂದ ಎರಡು ಕೂದಲು ಕಿತ್ತೆ,
ಒದ್ದಳು, ತಪ್ಪಿಸಿಕೊಂಡೆ.
ಕೂದಲು ತೂರಿಸಿ, ಬಾಯಿಟ್ಟು ಊದಿ, ಉಗಿದು, ಮತ್ತೆ ಊದಿ
ಆಚೆ ಕಿಟಕಿಯ ಚೂರು ಕಂಡಿತು,
ಅದರೊಳಗೆ ಉಷ್ಬಾ ಶಿಖರದ ಹಿಮದ ಒಂದು ಚುಕ್ಕೆ.
ಮೂರು ದಿನ ಎಲ್ಲ ರೊಟ್ಟಿಗೂ ಪೆಟ್ರೋಲಿನ ರುಚಿ.

ಟ್ಯಾಂಕುಗಳೊಳಗೆ ಹೊಳೆಯ ಕಲ್ಲು, ತುಂಡು ಸರಪಣಿ ಹಾಕಿ
ಬಾಯಿ ಕಟ್ಟಿ ಮಕ್ಕಳಿಗೆ ಕೊಟ್ಟೆ.
ಇಳಿಜಾರಿನಲ್ಲಿ ಉರುಳಿಸಿದರು ಗಡಗಡ ಗಡಗಡ,
ಹಸುಗಳು ದಿಕ್ಕಾಪಾಲು,
ಪಾದ್ರಿ ಹೊರಗೆ ಬಂದು ಆಕಾಶ ನೋಡಿದ.
ಸಂಜೆ ಬಗ್ಗಿಸಿದಾಗ ಎರಡರಿಂದಲೂ ಸುರಿದದ್ದು
ಒಂದೇ ಬಣ್ಣದ ಪುಡಿ.
ಯಾವುದು ಎಡದ್ದು ಯಾವುದು ಬಲದ್ದು ಎಂದು
ಮಕ್ಕಳು ಮರೆತಿದ್ದರು.
ನಾನು ನೆನಪಿಟ್ಟುಕೊಂಡಿರಲಿಲ್ಲ.

ಗಿಣ್ಣು ಮಾರಿದ ಹಣದಿಂದ ತಂದ ಒಂದೇ ಕ್ಯಾನು
ಎರಡಕ್ಕೂ ಸುರಿದೆ.
ತಿರುಗಣಿಯ ಹಿಡಿ ಕಳಚಿ ಮೇಲಂಗಿಯ ಜೇಬಿಗೆ ಹಾಕಿಕೊಂಡೆ.
ಬೇಕಾದವರು ಬಂದು ಕೇಳಲಿ.
ಪಂಪಿನ ಕೈಸನ್ನೆ ಒತ್ತಿದೆ, ಚಕ್, ಚಕ್,
ಹದಿನೈದನೆಯದಕ್ಕೆ ಗಾಜಿನ ಬಟ್ಟಲು
ತಿಳಿಯಾಗಿ ತುಂಬಿತು.

ಎಂಜಿನ್ನು ಹಿಡಿಯಿತು. ಅಂಗಳದ ಕೋಳಿಗಳು ಹಾರಿದವು.
ಇಬ್ಬರೂ ತಲೆ ಓರೆ ಮಾಡಿ ಕೇಳುತ್ತ ನಿಂತರು,
ಥೇಟ್ ಅಪ್ಪ ನಿಲ್ಲುತ್ತಿದ್ದ ಹಾಗೆ.
ಬಿಮುರ್ಜಾ ಮಡ್‌ಗಾರ್ಡಿಗೆ ಹೇಳಿದ:
'ಐಡಲ್ ಜಾಸ್ತಿ.'
'ಅರ್ಧ ಸುತ್ತು ಬಿಚ್ಚು,' ಅಂದ ಜೋಕಿಯಾ.
'ಕಾಲು ಸುತ್ತು ಸಾಕು.'
'ಅರ್ಧ.'
'ಕಾಲು ಅಂದೆನಲ್ಲ.'

ನನ್ನನ್ನು ಯಾರೂ ಕರೆಯಲಿಲ್ಲ.
ಬೂದಿ ತೆಗೆದುಕೊಂಡು ಕೈ ಉಜ್ಜುತ್ತ ಕೂತೆ,
ಉಗುರಿನ ಸಂದಿಯದು ಹೋಗಲಿಲ್ಲ.